ವಾಡೆಯ ಹೊಸ್ತಿಲು ಮತ್ತು ಎರಡನೇ ಸಲದ ತುಪ್ಪ

ಇಲ್ಲದ ಮನೆಗಳನ್ನು ಹುಡುಕಿಕೊಂಡು ಬರುವವರು ನನ್ನನ್ನೇ ಯಾಕೆ ಹುಡುಕಿಕೊಂಡು ಬರುತ್ತಿದ್ದರೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ನಾನು ಸರಕಾರದ ಮೋಜಣಿದಾರ. ಎಪ್ಪತ್ತರ ದಶಕದಲ್ಲಿ ನೌಕರಿಗೆ ಸೇರಿ, ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ಈ ನಾಲ್ಕು ತಾಲೂಕುಗಳಲ್ಲೇ ಸರಪಳಿ ಎಳೆಯುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ಇರುವ ಜಾಗ ಅಳೆಯುವುದು ನನ್ನ ಕೆಲಸ. ಆದರೆ ಪುಣೆ, ಮುಂಬಯಿ, ಬೆಂಗಳೂರು ಸೇರಿದವರಿಗೆ ನಿವೃತ್ತಿಯಾದ ಮರುದಿನವೇ ಅಜ್ಜನ ಮನೆ ನೆನಪಾಗುತ್ತದೆ. ಅವರು ಬಸ್ಸಿಳಿದು ಸೀದಾ ಕಚೇರಿಗೆ ಬರುತ್ತಾರೆ. ಕಚೇರಿಯವರಿಗೆ ಯಾರನ್ನಾದರೂ ಸಾಗಹಾಕಬೇಕಾದರೆ ನನ್ನ ಮೇಜು ತೋರಿಸಿಬಿಡುತ್ತಾರೆ.

ಇವು ನಗುವ ವಿಷಯಗಳಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ನಾನು ನಕ್ಕಿದ್ದೂ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆಯೇ.

ಅಜ್ಜನ ದೇವರಮನೆ

ಯಾವ ಊರು ಅಂತ ಕೇಳಬೇಡಿ. ಬೆಂಗಳೂರಿನಿಂದ ನಿವೃತ್ತ ಪ್ರೊಫೆಸರೊಬ್ಬರು ಬಂದರು. ಅವರ ಅಜ್ಜ ಪೂಜೆಗೆ ಕೂರುತ್ತಿದ್ದ ದೇವರಮನೆ ಎಲ್ಲಿತ್ತೋ ಅಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿ ಕೂರಬೇಕು, ಅಷ್ಟೇ ಅವರ ಆಸೆ. ಹಳೆಯ ನಕಾಶೆ ಬಿಡಿಸಿ, ಬಾವಿಯಿಂದ ಅಳೆದು, ಬೇವಿನ ಮರದಿಂದ ಅಳೆದು, ಕೊನೆಗೆ ಜಾಗ ಗುರುತು ಹಿಡಿದೆ. ಅದು ಬಂದು ಬಿದ್ದದ್ದು ಪೊಲೀಸ್ ಠಾಣೆಯ ಲಾಕಪ್ಪಿನ ಒಳಗೆ.

ಹವಾಲ್ದಾರ ಒಳ್ಳೆಯವನು. ಪ್ರೊಫೆಸರರ ಮಾತನ್ನು ತಾಳ್ಮೆಯಿಂದ ಕೇಳಿದ.

"ಒಳಗ ಬಿಡಾಕ ನಂದೇನೂ ಅಡ್ಡಿಲ್ರಿ ಸಾಹೇಬ್ರ," ಅಂದ. "ಆದ್ರ ಅದಕ್ಕ ಮೊದಲ ನೀವು ಏನರ ಮಾಡಿರಬೇಕಾಗ್ತೇತಿ."

ಪ್ರೊಫೆಸರು ನನ್ನನ್ನು ಪಕ್ಕಕ್ಕೆ ಕರೆದು, "ಸಣ್ಣದು ಏನಾದರೂ ಇದೆಯಾ?" ಅಂತ ಕೇಳಿದರು.

ಮುತ್ಯಾನ ಅಪ್ಪ

ನಮ್ಮ ಕಡೆ ಮನೆತನದ ಚರಿತ್ರೆ ಇಟ್ಟುಕೊಂಡವರು ಹೆಳವರು. ಎತ್ತಿನ ಮೇಲೆ ಕೂತು ವರ್ಷ ಎರಡು ವರ್ಷಕ್ಕೊಮ್ಮೆ ಮನೆಮುಂದೆ ಬಂದು, ಆ ಮನೆಯವರ ವಂಶವನ್ನೆಲ್ಲ ಬಾಯಿಂದಲೇ ಹೇಳುತ್ತಾರೆ. ಮನೆಯವರು ಕಾಳು ಕೊಡುತ್ತಾರೆ, ಬಟ್ಟೆ ಕೊಡುತ್ತಾರೆ, ಅನುಕೂಲವಿದ್ದವರು ಒಂದು ಕರು ಕೊಡುತ್ತಾರೆ.

ಮುಂಬಯಿಯ ಗಿರಣಿಯಲ್ಲಿ ಕೆಲಸ ಮುಗಿಸಿ ಬಂದವನೊಬ್ಬ ಹುಲಗೂರಿನ ಹತ್ತಿರ ಒಬ್ಬ ಹೆಳವನನ್ನು ಹಿಡಿದ. ಜೊತೆಗೆ ಟೇಪ್ ರೆಕಾರ್ಡರು ತಂದಿದ್ದ. ಹೊಲದ ಗಡಿ ಅಳೆಯಲು ಹೋದ ನಾನು ಸಾಕ್ಷಿಗೆ ಕೂತೆ. ಹೆಳವ ಕಣ್ಣು ಮುಚ್ಚಿ ಶುರು ಮಾಡಿದ. ಇವನ ಅಪ್ಪ ಬಂದ, ಅಪ್ಪನ ಅಪ್ಪ, ಅಂದರೆ ಮುತ್ಯಾ, ಬಂದ. ಅಲ್ಲಿಗೆ ನಿಲ್ಲಿಸಿ ಬೀಡಿ ಹಚ್ಚಿದ.

"ಮುಂದ?" ಅಂದ ಮುಂಬಯಿಯವ.

"ಮುಂದ ಇಲ್ರಿ."

"ಇಲ್ಲ ಅಂದ್ರ? ನಮ್ಮ ಮುತ್ಯಾಗ ಅಪ್ಪ ಇರಲಿಲ್ಲೇನು?"

"ನಿಮ್ಮ ಮುತ್ಯಾ ನಮ್ಮ ಮುತ್ಯಾಗ ಒಂದು ಹೋರಿಕರ ಕೊಡ್ತೇನಿ ಅಂತ ಬಾಯಿಬಿಟ್ಟು ಹೇಳಿದ್ದರಿ. ಕೊಡಲಿಲ್ಲ. ಆ ಕರ ಬರೂಮಟ ಅವಗ ಅಪ್ಪ ಇಲ್ರಿ."

ಮುಂಬಯಿಯವನ ಮುಖ ಸಣ್ಣದಾಯಿತು. ಆದರೆ ಮಾತು ಮಾತೇ. ಮರುದಿನ ಹೋರಿಕರು ಹಿಡಿದುಕೊಂಡು ಬಂದ. ಹೆಳವ ಒಂದೇ ಉಸಿರಿಗೆ ಮುತ್ಯಾನ ಅಪ್ಪ, ಅವನ ಅಪ್ಪ, ಮೂಲ ಊರು, ಮನೆದೇವರು ಎಲ್ಲ ಹೇಳಿ ಮುಗಿಸಿದ. ಆ ಮನೆಯ ಮುತ್ಯಾಗೆ ಅಪ್ಪ ಸಿಕ್ಕಿದ್ದು ದನದ ಸಂತೆಯಲ್ಲಿ ಅಂತ ನಾನು ಈಗಲೂ ಹೇಳುತ್ತೇನೆ.

ಸುಣ್ಣದ ಗೆರೆ

ನಿಜವಾಗಿ ನಾನು ಹೇಳಬೇಕೆಂದಿದ್ದು ಒಬ್ಬ ಅಜ್ಜಿಯ ಸಂಗತಿ. ಸವಣೂರಿನಲ್ಲಿದ್ದಾಗ ಪುಣೆಯಿಂದ ಗಂಡ ಹೆಂಡತಿ ಬಂದರು. ವೈಷ್ಣವರು, ಶಾಸ್ತ್ರ ಓದಿದ ಮನೆತನ. ಗಂಡ ನಿವೃತ್ತ ವಕೀಲರು, ಎಂಬತ್ತು ದಾಟಿದ್ದರೂ ಕರಿ ಟೊಪ್ಪಿಗೆ, ಕೋಟು ಬಿಟ್ಟಿರಲಿಲ್ಲ. ಅಜ್ಜಿ ಕಚ್ಚೆ ಸೀರೆ ಉಟ್ಟ ಸಣ್ಣ ಆಕಾರ. ಸವಣೂರಿನ ಒಂದು ದೊಡ್ಡ ವಾಡೆ ಅವರ ತವರುಮನೆ.

"ಮನಿ ಬಿಚ್ಚಿ ಮಾರಿದ್ರಂತ ಕೇಳೀನಿ," ಅಂದರು ಅಜ್ಜಿ. "ಇರ್ಲಿ. ನನಗ ಅದರ ಹೊಸ್ತಿಲಾ ಬೇಕು. ಎಲ್ಲದ ಹುಡುಕಿ ಕೊಡ್ರಿ."

ಹೊಸ್ತಿಲು ಯಾಕೆ ಅಂತ ಕೇಳಿದೆ. ಅಜ್ಜಿ ಗಂಡನ ಕಡೆ ನೋಡದೆ ಹೇಳಿದರು:

"ಮದವಿ ಆದಮ್ಯಾಲೆ ಮೊದಲನೇ ದೀಪಾವಳಿ. ಇವರು ಅಳೀತನಕ್ಕ ಬಂದಿದ್ರು. ಹೋಳಿಗಿಗೆ ಒಂದು ಸಲ ತುಪ್ಪ ಬಡಿಸಿದ್ರು. ಎರಡನೇ ಸಲ ತಂದಾಗ ನಮ್ಮಪ್ಪ ಅಂದ್ರು, ಅಳಿಯಂದಿರಿಗೆ ಕೆಮ್ಮು ಅದ, ತುಪ್ಪ ಸಾಕು ಅಂತ. ಇವರು ಎಲಿ ಬಿಟ್ಟು ಎದ್ರು. ಈ ಹೊಸ್ತಿಲಾ ಇನ್ನ ದಾಟೂದಿಲ್ಲ ಅಂತ ಶಪಥ ಮಾಡಿ ಗಾಡಿ ಹೂಡಿಸಿದ್ರು."

"ಕೆಮ್ಮು ಇರಲಿಲ್ಲ," ಅಂದರು ವಕೀಲರು. "ಅದು ಅಪಮಾನ."

"ಅವ್ವ ನನ್ನ ಉಡಿ ತುಂಬ್ಲಿಕ್ಕೆ ಮೊರದಾಗ ಅಕ್ಕಿ, ಕೊಬ್ಬರಿ ಹಿಡಕೊಂಡು ಹೊಸ್ತಿಲದಾಗ ಬಂದು ನಿಂತ್ಲು. ಗಾಡಿ ಹೊಂಟಬಿಡ್ತು. ಅಕ್ಕಿ ಅವ್ವನ ಕೈಯಾಗ ಉಳೀತು."

ತವರಿನಿಂದ ಹೊರಡುವ ಮಗಳನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಸೆರಗಿಗೆ ಅಕ್ಕಿ, ಕೊಬ್ಬರಿ ಸುರಿದು ಕಳಿಸುವುದು ನಮ್ಮಲ್ಲಿ ಬಡವರ ಮನೆಯಲ್ಲೂ ತಪ್ಪುವುದಿಲ್ಲ. ವಕೀಲರು ನೀನು ಹೋಗಬೇಡ ಅಂತ ಎಂದೂ ಅನ್ನಲಿಲ್ಲವಂತೆ. ನಾನು ಬರುವುದಿಲ್ಲ ಅಂದರಂತೆ. ಗಂಡ ಬಾರದೆ ಸೊಸೆ ಒಬ್ಬಳೇ ತವರಿಗೆ ಹೋಗುವುದು ಆ ಕಾಲದಲ್ಲಿ ಆಗದ ಮಾತು. ಅವ್ವ ಹೋದಳು, ಅಪ್ಪ ಹೋದ, ಅಣ್ಣಂದಿರು ಹೋದರು, ವಾಡೆಯೂ ಹೋಯಿತು. ಒಂದು ಸೌಟು ತುಪ್ಪದ ಸಲುವಾಗಿ ಹೆಣ್ಣುಜೀವವೊಂದು ತವರು ಕಳೆದುಕೊಂಡಿತಲ್ಲ ಅಂತ ನನಗೆ ಆ ಮುದುಕರ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಸರಪಳಿ ಹೆಗಲಿಗೆ ಹಾಕಿದೆ.

ದೊಡ್ಡ ಹುಣಸೆಮರಗಳ ದಾರಿಯಿಂದ ಅಳೆದುಕೊಂಡು ಹೋಗಿ ವಾಡೆಯ ಜಾಗ ತೋರಿಸಿದೆ. ಬರೀ ಬಯಲು. ಜಾಲಿಕಂಟಿ, ನಾಲ್ಕು ಕಲ್ಲು, ಯಾರದೋ ಒಂದು ಆಡು. ವಕೀಲರು ದೂರದಲ್ಲೇ ನಿಂತುಬಿಟ್ಟರು.

"ಮೋಜಣಿದಾರ್ರ, ಹೊಸ್ತಿಲಾ ಬರೋಬ್ಬರಿ ಎಲ್ಲಿತ್ತು, ಅಲ್ಲೊಂದು ಗೆರಿ ಹೊಡೀರಿ."

"ಮನೀನ ಇಲ್ಲಲ್ರಿ ವಕೀಲ್ರ."

"ಮನಿ ಇಲ್ಲ. ಶಪಥ ಅದ."

ಸುಣ್ಣದ ಗೆರೆ ಎಳೆದೆ. ವಕೀಲರು ಕೊಡೆ ಬಿಚ್ಚಿ ಗೆರೆಯ ಈಚೆಗೆ ಬಿಸಿಲಲ್ಲಿ ನಿಂತರು. ಅಜ್ಜಿ ಒಬ್ಬರೇ ಒಳಗೆ ಹೋದರು. "ಇಲ್ಲಿ ಅಡಗಿಮನಿ," ಅಂದರು. "ಇಲ್ಲಿ ತುಳಸಿಕಟ್ಟಿ. ಅವ್ವ ಇಲ್ಲಿ ಕೂತು ಹೂವು ಕಟ್ತಿದ್ಲು." ಕಣ್ಣು ಒರೆಸಿಕೊಂಡು ಗೆರೆ ದಾಟಿ ಹೊರಗೆ ಬಂದಾಗ ವಕೀಲರು ಬೇರೆ ಕಡೆ ನೋಡುತ್ತ ಹೇಳಿದರು:

"ಬಾಗಲಾ ಮುಂದ ಮಾಡ್ಕೊಂಡು ಬಾ."

ಅಜ್ಜಿ ತಿರುಗಿ, ಎರಡೂ ಕೈಯಿಂದ ಇಲ್ಲದ ಬಾಗಿಲನ್ನು ಎಳೆದು ಮುಂದೆ ಮಾಡಿದರು. ಆಡು ಒಳಗೇ ಉಳಿಯಿತು.

ಸಾಗವಾನಿ ಮನೆತನ

ನಮ್ಮ ಸೀಮೆಯಲ್ಲಿ ದೊಡ್ಡ ಮನೆಗಳು ಬೀಳುವುದು ಕಡಿಮೆ. ಅವನ್ನು ಬಿಚ್ಚುತ್ತಾರೆ. ತೊಲೆ, ಕಂಬ, ಬಾಗಿಲು ಎಲ್ಲ ಗಾಡಿ ಏರಿ ಇನ್ನೊಂದು ಊರಿಗೆ ಸಂಸಾರ ಹೂಡಲು ಹೋಗುತ್ತವೆ. ಈ ವಾಡೆ ಬಿಚ್ಚಿದವರು ಶಿಗ್ಗಾಂವಿಯ ಕಟ್ಟಿಗೆ ವ್ಯಾಪಾರಿ ಸಾಹೇಬರು ಅಂತ ಓಣಿಯವರು ಹೇಳಿದರು. ಮಧ್ಯಾಹ್ನದ ಬಸ್ಸಿಗೆ ಅಲ್ಲಿಗೆ ಹೋದೆವು.

ಬಿಳಿ ಗಡ್ಡದ ಸಾಹೇಬರು ಅಡ್ಡೆಯಲ್ಲಿ ಹಾಸಿದ ಚಾಪೆಯ ಮೇಲೆ ಕೂತಿದ್ದರು. ಅವರಿಗೆ ಮನುಷ್ಯರ ನೆನಪು ನಿಲ್ಲುವುದಿಲ್ಲ, ಕಟ್ಟಿಗೆಯ ನೆನಪು ಹೋಗುವುದಿಲ್ಲ.

"ನಮ್ಮ ತಂದಿಯವರ ಪರಿಚಯ ಇತ್ತೇನ್ರಿ?" ಅಂತ ಕೇಳಿದರು ಅಜ್ಜಿ.

"ತಂದಿಯವರು ಗೊತ್ತಿಲ್ರಿ ಅಮ್ಮಾ, ತೊಲಿ ಗೊತ್ತು. ಏನ್ ತೊಲಿ ಅಂತೀರಿ! ದಾಂಡೇಲಿ ಸಾಗವಾನಿ. ಅಂಥಾ ಮನೆತನ ಈಗೆಲ್ಲಿ ಐತ್ರಿ!" ಅಂದು ವಕೀಲರ ಕಡೆ ತಿರುಗಿದರು. "ಇವರು ಯಾವ ಕಡ್ಯಾವ್ರು?"

"ಪುಣೆ," ಅಂದರು ವಕೀಲರು, ಸ್ವಲ್ಪ ಎದೆ ಮುಂದೆ ಮಾಡಿ.

"ಆ ಕಡೀದೆಲ್ಲಾ ದೇವದಾರ್ರಿ," ಅಂದರು ಸಾಹೇಬರು ವ್ಯಸನದಿಂದ. "ಹೊರಗ ಬಣ್ಣ, ಒಳಗ ಹುಳ."

ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಬಂದ ಕೆಲಸವನ್ನು ನಾನು ಹೇಳಿದೆ. ಸಾಹೇಬರು ಪಕ್ಕದಲ್ಲಿದ್ದ ಒಂದು ಹೊಸ್ತಿಲನ್ನು ತಟ್ಟಿ ತೋರಿಸಿದರು.

"ಹೊಸ್ತಿಲಾ ಬೇಕೇನ್ರಿ? ಅದಕ್ಯಾಕ ಇಷ್ಟ ತ್ರಾಸ? ನನ್ನ ಅಡ್ಡೇದಾಗ ಬೇಕಾದಷ್ಟು ಅದಾವು. ಈ ಮತ್ತಿಕಟ್ಟಿಗೀದು ತಗೋರಿ. ಈ ತವರಮನಿಗೆ ಗೆದ್ದಲಾ ಹತ್ತೂದಿಲ್ಲ."

ಅಜ್ಜಿ ತಲೆ ಅಲ್ಲಾಡಿಸಿದರು. "ನಮ್ಮದರ ಎಡಕ ಒಂದು ತಗ್ಗು ಅದರಿ. ಸಣ್ಣಾಕಿ ಇದ್ದಾಗ ಬದಾಮಿಕಾಯಿ ಇಟ್ಟು ಒಡದು ಒಡದು ನಾ ಮಾಡಿದ್ದು. ಅವ್ವ ಭಾಳ ಬೈತಿದ್ಲು."

ಸಾಹೇಬರು ನೆಟ್ಟಗೆ ಕೂತರು. ಕಂಬ, ಬಾಗಿಲು, ಹೊಸ್ತಿಲು ಎಲ್ಲ ಹಾನಗಲ್ಲಿನ ಗೌಡರೊಬ್ಬರಿಗೆ ಹೋಗಿತ್ತು. ತಗ್ಗು ಬಿದ್ದ ಹೊಸ್ತಿಲು ಕೊಟ್ಟರು ಅಂತ ಆ ಗೌಡರು ಇವರ ಜೊತೆ ಮಾತು ಬಿಟ್ಟಿದ್ದರು.

"ಹಂಗಂದ್ರ ಅದು ನೀವ ಏನ್ರಿ ಅಮ್ಮಾ!" ಅಂದರು ಸಾಹೇಬರು. "ಆ ತಗ್ಗು ಕೆಡವಿದ ಹಲ್ಕಟ್ಟ ಹುಡುಗ ಯಾಂವ ಅಂತ ಇಷ್ಟು ವರ್ಷ ಬೈಕೋಂತ ಕುಂತೇನಿ."

ಕಂಬದ ಹೆಣ್ಣುಮಗಳು

ಅವತ್ತು ರಾತ್ರಿ ನಮ್ಮ ಮನೆಯಲ್ಲೇ ಉಳಿದರು. ವಕೀಲರು ಹೊರಗಿನ ಊಟ ಮುಟ್ಟುವವರಲ್ಲ. ಅಜ್ಜಿ ತಮ್ಮ ಸ್ಟೋವ್ ಹಚ್ಚಿ ಅಡುಗೆ ಮಾಡಿ, ಮರುದಿನದ ದಾರಿಗೆಂದು ಒಂದು ಹಿತ್ತಾಳೆ ಡಬ್ಬಿಯ ತುಂಬ ಅವಲಕ್ಕಿ ಹಚ್ಚಿ ಇಟ್ಟರು. ಬೆಳಿಗ್ಗೆ ಹಾನಗಲ್ಲಿಗೆ ಹೊರಟೆವು.

ಗೌಡರ ಮನೆಯ ಬಾಗಿಲಲ್ಲಿ ವಕೀಲರು ನಿಂತರು. ನಾನು ಬಗ್ಗಿ ಹೊಸ್ತಿಲಿನ ಎಡತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದೆ. ತಗ್ಗು ಇರಲಿಲ್ಲ.

"ಆದ್ರ ಒಳಗಿನ ಕಂಬ ನಿಮ್ಮ ಮಾವನವರ ಮನೀವು ಅದಾವ್ರಿ," ಅಂದೆ ಬೇಕಂತಲೇ.

"ಶಪಥದ ಶಬ್ದ ಏನು? ಈ ಹೊಸ್ತಿಲಾ ದಾಟೂದಿಲ್ಲ. ಕಂಬದ ಮಾತು ಬಂದಿಲ್ಲ," ಅಂದು ವಕೀಲರು ಧಾರಾಳವಾಗಿ ಒಳಗೆ ನಡೆದರು.

ನಾವು ಒಳಗೆ ಹೋಗುವುದರೊಳಗೆ ಸುದ್ದಿ ಒಳಗೆ ಹೋಗಿತ್ತು. ಪುಣೆಯಿಂದ ವಕೀಲರು ಬಂದಿದ್ದಾರೆ, ಕಂಬ ಬಿಡಿಸಿಕೊಂಡು ಹೋಗುತ್ತಾರೆ ಅಂತ. ಗೌಡರ ಮುದಿ ತಾಯಿ ಪಡಸಾಲೆಯ ಕಂಬ ತಬ್ಬಿಕೊಂಡು ನಿಂತಿದ್ದಳು.

"ಕೋರ್ಟಿಗರ ಹೋಗ್ರಿ, ಕಾಶಿಗರ ಹೋಗ್ರಿ," ಅಂದಳು. "ನಾ ಬಿಡೂದಿಲ್ಲ. ಹಸರು ಬಣ್ಣ ಹಚ್ಚಿಸೇನಿ ಇದಕ್ಕ."

ಅಜ್ಜಿ ಸುಮ್ಮನೆ ಹೋಗಿ ಆ ಕಂಬದ ಇನ್ನೊಂದು ಬದಿಗೆ ಕೈ ಇಟ್ಟರು. "ಬ್ಯಾಡವ್ವಾ, ಒಯ್ಯೂದಿಲ್ಲ. ಇದರ ಸುತ್ತ ತಿರುಗಿ ಆಡೀನಿ ನಾನು. ಒಂದು ಸಲ ಮುಟ್ಟಿ ಹೋಗ್ತೀನಿ." ಮುದುಕಿ ಆ ಮುಖವನ್ನು ನೋಡಿದಳು. ಕಂಬ ಬಿಟ್ಟು ಅಜ್ಜಿಯ ಕೈ ಹಿಡಿದಳು. ನೀವು ನಮ್ಮ ಕಂಬದ ಹೆಣ್ಣುಮಗಳು, ಉಂಡೇ ಹೋಗಬೇಕು ಅಂತ ಹಟ ಮಾಡಿದಳು. ವಕೀಲರು ಡಬ್ಬಿ ತೋರಿಸಿ ಕೈ ಮುಗಿದರು.

ಹೊಸ್ತಿಲಿನ ವಿಷಯ ಗೌಡರು ಹೇಳಿದರು: "ಅದು ಭಾಳ ಎತ್ತರ ಇತ್ರಿ. ನಮ್ಮ ಅಪ್ಪ ದಿನಾ ಎಡವಿ ಬೀಳಾಂವ. ಹಿರೇಕೆರೂರಿನವರು ಯಾರೋ ಚೌಕಟ್ಟು ಸಮೇತ ಒಯ್ದರು. ಸಂತಿ ಕೂಡೂ ಕಡೆ ಎಲ್ಲೋ ಐತಿ."

ಬಸ್ ನಿಲ್ದಾಣದಲ್ಲಿ ವಕೀಲರು ಡಬ್ಬಿಯ ಚೀಲವನ್ನು ಕಟ್ಟೆಯ ಮೇಲಿಟ್ಟು ಟೊಪ್ಪಿಗೆ ಸರಿಮಾಡಿಕೊಂಡರು. ಅಷ್ಟೇ ಹೊತ್ತು. ಮಂಗ ಬಂದು ಚೀಲ ಎತ್ತಿಕೊಂಡು ಬೇವಿನ ಮರ ಏರಿತು. ವಕೀಲರು ಕೆಳಗೆ ನಿಂತು ಕನ್ನಡದಲ್ಲಿ, ಮರಾಠಿಯಲ್ಲಿ, ಇಂಗ್ಲೀಷಿನಲ್ಲಿ ವಾದ ಮಾಡಿದರು. ಮಂಗ ಮುಚ್ಚಳ ತೆಗೆದು ಇದ್ದದ್ದನ್ನೆಲ್ಲ ತಿಂದು, ಬರಿ ಡಬ್ಬಿಯನ್ನು ಅವರ ಕಾಲ ಬಳಿ ಒಗೆಯಿತು.

ಅಜ್ಜಿ ಡಬ್ಬಿ ಎತ್ತಿಕೊಂಡು ಒರೆಸಿದರು. "ಶಾಣ್ಯಾ ಅದ," ಅಂದರು. "ಎರಡನೇ ಸಲ ಬಡಿಸಲಿಲ್ಲಂತ ಶಪಥ ಮಾಡಲಿಲ್ಲ."

ಒಳಗೆ ಉಳಿದ ಅಳಿಯ

ಹಿರೇಕೆರೂರಿನಲ್ಲಿ ಅವತ್ತು ಸಂತೆ. ಅರಳೆಯ ಗಾಡಿ, ಗೋವಿನಜೋಳದ ಚೀಲ, ಜನ. ಅವರಿಬ್ಬರನ್ನು ಒಂದು ಅಂಗಡಿಯ ನೆರಳಿನಲ್ಲಿ ಕೂರಿಸಿ, ನಾನು ಸಂತೆಯ ಸುತ್ತಲ ಮನೆಗಳ ಹೊಸ್ತಿಲು ಮುಟ್ಟುತ್ತ ಹೊರಟೆ. ಅರಿಷಿಣ ಹಚ್ಚಿ ಕುಂಕುಮ ಇಟ್ಟ ಹೊಸ್ತಿಲುಗಳ ಮುಂದೆ ಗುರುತಿಲ್ಲದ ಗಂಡಸು ಮಂಡಿಯೂರಿ ಕೂತರೆ ಏನಾಗಬೇಕೋ ಅದೇ ಆಯಿತು. ಒಬ್ಬಾಕೆ ಕಸಬರಿಗೆ ಹಿಡಿದು ಬಂದಳು.

"ಏ, ನಮ್ಮ ಹೊಸ್ತಿಲದಾಗ ಏನ್ ಮಾಟಾ ಹುಗಿಯಾಕತ್ತೀ?"

"ಇಲ್ಲಬೇ ಅಕ್ಕಾ, ಸರಕಾರಿ ಮನಷ್ಯಾ ಅದೇನಿ."

"ಹಂಗಿದ್ರ ಇನ್ನೂ ದೂರ ಸರಿ," ಅಂದಳು.

ಸೋತು ತಿರುಗಿ ಬಂದೆ. ಅಷ್ಟರಲ್ಲಿ ಹೊತ್ತು ಇಳಿದಿತ್ತು. ಬೆಳಗಿನಿಂದ ವಕೀಲರ ಹೊಟ್ಟೆಗೆ ಏನೂ ಇಲ್ಲ. ಹತ್ತಿರದ ಒಂದು ಖಾನಾವಳಿಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ನಡೆಸುವಾಕೆ ಒಬ್ಬ ದಪ್ಪನೆಯ ಹೆಂಗಸು, ಬಾಗಿಲಿಗೆ ಬಂದು ಕರೆದಳು: "ಬರ್ರಿ ಯಜಮಾನ್ರ, ಇವತ್ತ ಅಮಾಸಿ, ಹೋಳಿಗಿ ಮಾಡೇನಿ. ಬರೇ ಸಪ್ಪನ್ನ ಊಟ ನಮ್ಮದು, ಮಾಂಸಾ ಮುಟ್ಟೂದಿಲ್ಲ."

ವಕೀಲರು ಡಬ್ಬಿ ನೋಡಿದರು. ಆಕಾಶ ನೋಡಿದರು. "ಆಪದ್ಧರ್ಮ," ಅಂದು, ನಮ್ಮಿಬ್ಬರನ್ನೂ ಹಿಂದೆ ಬಿಟ್ಟು ಹೊಸ್ತಿಲು ದಾಟಿ ಒಳಗೆ ಹೋಗಿ ಮಣೆಯ ಮೇಲೆ ಕೂತರು.

ಅಜ್ಜಿ ಚಪ್ಪಲಿ ಬಿಟ್ಟು, ಒಳಗೆ ಹೋಗುವ ಮುಂಚೆ ಹೆಂಗಸರು ಮಾಡುವ ಹಾಗೆ ಬಗ್ಗಿ ಹೊಸ್ತಿಲನ್ನು ಮುಟ್ಟಿದರು. ಮುಟ್ಟಿದ ಕೈ ಮೇಲೆ ಬರಲಿಲ್ಲ. ಅವರ ಹೆಬ್ಬೆರಳು ಎಡತುದಿಯಲ್ಲಿ ಅರಿಷಿಣ ತುಂಬಿದ ಒಂದು ತಗ್ಗಿನೊಳಗೆ ಕೂತಿತ್ತು. ಸರಿಯಾಗಿ ಒಂದು ಬದಾಮಿಕಾಯಿಯ ಅಳತೆ.

ಅಜ್ಜಿ ನನ್ನ ಕಡೆ ನೋಡಿ, ಸುಮ್ಮನಿರಿ ಅಂತ ಸನ್ನೆ ಮಾಡಿದರು. ಒಳಗೆ ವಕೀಲರು ಮೊದಲನೇ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಉಣ್ಣುತ್ತಿದ್ದರು. ನಾನು ಖಾನಾವಳಿಯ ಅಕ್ಕನಿಗೆ ಮೆಲ್ಲಗೆ, ಇದು ಈ ತಾಯಿಯ ತವರುಮನೆಯ ಹೊಸ್ತಿಲು, ಇದರ ಮೇಲೆ ಇವರ ಉಡಿ ತುಂಬದೆ ಉಳಿದಿದೆ ಅಂತಷ್ಟೇ ಹೇಳಿದೆ. ಆಕೆ ಹಿಟ್ಟಿನ ಕೈ ಒರೆಸಿಕೊಂಡು ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಸವಣೂರಿನ ವೀಳ್ಯದೆಲೆ, ಒಂದು ಕುಪ್ಪಸದ ಕಣ ಇಟ್ಟುಕೊಂಡು ಬಂದಳು.

"ಹೊಸ್ತಿಲಾ ನಂದು ಅಂದ್ರ ನೀವು ನನ್ನ ಮನಿ ಹೆಣ್ಣಮಗಳು," ಅಂದಳು. "ಸೆರಗ ಹಿಡೀರಿ."

ಅಕ್ಕಿ ಸೆರಗಿಗೆ ಬಿತ್ತು. ಅಜ್ಜಿ ಗಟ್ಟಿಯಾಗಿ, ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟರು. ಉಣ್ಣುತ್ತಿದ್ದ ಸಂತೆಯ ಜನ ಊಟ ನಿಲ್ಲಿಸಿ ಇತ್ತ ತಿರುಗಿದರು.

"ಏನು ನಡದದ ಅಲ್ಲೆ?" ಅಂತ ಒಳಗಿನಿಂದ ವಕೀಲರು ಕೂಗಿದರು.

"ಏನಿಲ್ಲ," ಅಂದರು ಅಜ್ಜಿ ಕಣ್ಣೊರೆಸಿಕೊಂಡು. "ನಮ್ಮಪ್ಪನ ಮನ್ಯಾಗ ಕೂತೀರಿ ನೀವು. ಸಾವಕಾಶ ಉಣ್ರಿ."

ವಕೀಲರ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಹೊಸ್ತಿಲು ನೋಡಿದರು, ಹೆಂಡತಿಯ ಸೆರಗು ನೋಡಿದರು. ಆಮೇಲೆ ಕಾನೂನು ಬಾಯಿಗೆ ಬಂತು.

"ಗೊತ್ತಿಲ್ಲದ ದಾಟಿ ಬಂದೀನಿ. ಅದು ದೋಷ ಅಲ್ಲ. ಆದ್ರ ಈಗ ಗೊತ್ತಾಗೇದ. ಗೊತ್ತಿದ್ದು ದಾಟಿದ್ರ ಶಪಥ ಮುರೀತದ." ಖಾನಾವಳಿಯ ಅಕ್ಕನನ್ನು ಕೇಳಿದರು, "ಹಿತ್ತಲ ಬಾಗಲಾ ಅದ ಏನವಾ?"

"ಇಲ್ರಿ. ಹಿಂದ ಗ್ವಾಡಿ."

"ಹಂಗಂದ್ರ ನಾ ಹೊರಗ ಹ್ಯಾಂಗ ಬರ್ಲಿ?"

ಅಜ್ಜಿ ಉಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಹೊಸ್ತಿಲಿನ ಹೊರಗೆ ನಿಂತು ಹೇಳಿದರು: "ಅರವತ್ತು ವರ್ಷ ನಾ ಹೊರಗ ನಿಂತೀನಿ. ನೀವು ಒಂದು ತಾಸು ಒಳಗ ಕೂಡ್ರಿ."

ವಕೀಲರು ಕೂತರು. ಸಂತೆಯವರು ಉಂಡು ಎದ್ದು ಹೋದರು, ಹೊಸಬರು ಬಂದು ಕೂತರು, ಅವರೂ ಎದ್ದರು. ಇಳಿಹೊತ್ತಿನ ಹೊಗೆಗೆ ವಕೀಲರಿಗೆ ಕೆಮ್ಮು ಬಂತು. ಕೆಮ್ಮುತ್ತ, ಹೇಗೂ ಕೂತಿದ್ದೇನಲ್ಲ ಅಂತಲೋ ಏನೋ, ಎಲೆಯ ಮೇಲೆ ಉಳಿದ ಅರ್ಧ ಹೋಳಿಗೆಯನ್ನು ಮುಂದೆ ಎಳೆದುಕೊಂಡು, "ಅವಾ, ಇನ್ನೊಂದು ಸ್ವಲ್ಪ ತುಪ್ಪ," ಅಂದರು.

ಹಳೆಯ ತುಪ್ಪದ ಜಗಳದ ಒಂದಕ್ಷರವೂ ಗೊತ್ತಿಲ್ಲದ ಖಾನಾವಳಿಯ ಅಕ್ಕ ತುಪ್ಪದ ಗಿಂಡಿ ಹಿಡಿದು ಬಂದವಳು, ಅವರನ್ನು ನೋಡಿ ಗಿಂಡಿ ಹಿಂದೆ ಸರಿಸಿದಳು.

"ಬ್ಯಾಡ್ರಿ ಯಜಮಾನ್ರ. ಕೆಮ್ಮಾಕತ್ತೀರಿ. ತುಪ್ಪ ಸಾಕು."

ಈಗ ಎಲೆ ಬಿಟ್ಟು ಏಳುತ್ತಾರೆ ಅಂದುಕೊಂಡೆ. ವಕೀಲರು ಏಳಲಿಲ್ಲ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಎಲೆಯನ್ನೇ ನೋಡುತ್ತ, ಹೆಂಡತಿಗೆ ಕೇಳುವಷ್ಟು ದನಿಯಲ್ಲಿ ಅಂದರು:

"ಅವತ್ತ ನನಗ ಖರೇನ ಕೆಮ್ಮು ಇತ್ತು."

"ಗೊತ್ತದ," ಅಂದರು ಅಜ್ಜಿ. "ಇಡೀ ವಾಡೇಕ್ಕ ಕೇಳಸ್ತಿತ್ತು. ಏಳ್ರಿ ಈಗ, ಬಸ್ಸು ಹೋಗ್ತದ."